ಹಾವೇರಿ ಸೀಮೆಯಲ್ಲಿ ಕಿಡ್ನಿ ಕಸಿ: ತಿಳಿವಳಿಕೆ ಯಾರ ಮನೆ ತಲುಪುತ್ತದೆ

ಸಜೀವ ದಾನಿಯ ಮೂತ್ರಪಿಂಡ ಕಸಿ ಎಂದರೆ ಬದುಕಿರುವ, ಆರೋಗ್ಯವಂತ ವ್ಯಕ್ತಿಯೊಬ್ಬರ ಎರಡು ಮೂತ್ರಪಿಂಡಗಳಲ್ಲಿ ಒಂದನ್ನು ತೆಗೆದು, ಎರಡೂ ಕೆಲಸ ನಿಲ್ಲಿಸಿದ ರೋಗಿಯ ದೇಹಕ್ಕೆ ಕೂಡಿಸುವ ಶಸ್ತ್ರಚಿಕಿತ್ಸೆ. ವೈದ್ಯಶಾಸ್ತ್ರದ ಪುಸ್ತಕದಲ್ಲಿ ಇದರಲ್ಲಿ ಪಾಲ್ಗೊಳ್ಳುವವರು ಇಬ್ಬರೇ: ಕೊಡುವವರು, ಪಡೆಯುವವರು. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಕಡೆಯ ಮನೆಗಳಲ್ಲಿ ಲೆಕ್ಕ ಬೇರೆ. ಅಣ್ಣತಮ್ಮಂದಿರು, ಸೊಸೆಯ ತವರಿನವರು, ಸಾಲ ಕೊಟ್ಟ ದಲ್ಲಾಳಿ, ಊರ ಹಿರಿಯರು ಎಲ್ಲರೂ ಅದರಲ್ಲಿ ಪಾಲುದಾರರು. ಪದಗಳೂ ಬೇರೆ. ‘ಮೂತ್ರಪಿಂಡ’ ಶಾಲೆಯ ಪಠ್ಯದ ಮಾತು. ಮನೆಯಲ್ಲಿ ಎಲ್ಲರಿಗೂ ಅದು ಕಿಡ್ನಿ, ಉರ್ದು ಮನೆಮಾತಿನವರಿಗೆ ಗುರ್ದಾ. ರೋಗ ಬಲಿತಾಗ ‘ಕಿಡ್ನಿ ಹೋಗ್ಯಾವ’ ಎನ್ನುತ್ತಾರೆ, ಡಯಾಲಿಸಿಸ್ ಶುರುವಾದರೆ ‘ಮಷಿನ್ ಮ್ಯಾಲ ಅದಾರ’. ಕಸಿ ಎಂಬ ಪದ ಮಾವಿನ ಗಿಡದ ಜೊತೆಗೇ ಹೆಚ್ಚು ಪರಿಚಿತ. ಮನುಷ್ಯರಿಗಾದರೆ ‘ಹೊಸಾ ಕಿಡ್ನಿ ಹಾಕ್ಸೋದು’.

ಈ ಚಿಕಿತ್ಸೆಯ ಸುತ್ತ ಜಗತ್ತಿನಲ್ಲಿ ನಡೆದಿರುವ ದೊಡ್ಡ ಚರ್ಚೆಗಳಲ್ಲೊಂದು, ಇದು ಯಾರಿಗೆ ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ ಎಂಬುದು. ಅಮೆರಿಕದಲ್ಲಿ ಆ ಪ್ರಶ್ನೆ ಜನಾಂಗದ ಹೆಸರಿನಲ್ಲಿ ಎದ್ದಿತು. ಉತ್ತರದ ಒಂದು ಭಾಗ ರೋಗಿಗೆ ನೀಡುವ ತಿಳಿವಳಿಕೆಯಲ್ಲಿದೆ ಎಂದು ಅಲ್ಲಿನ ಪ್ರಯೋಗಗಳು ತೋರಿಸಿದವು. ತುಂಗಭದ್ರೆಯ ಈ ದಂಡೆಯಲ್ಲಿ ಗೆರೆ ಎಳೆಯುವುದು ಚರ್ಮದ ಬಣ್ಣವಲ್ಲ. ಹೆಣ್ಣು–ಗಂಡು, ಹಣ, ದಾರಿಯ ದೂರ, ಮನೆಮಾತು ಇಲ್ಲಿನ ಗೆರೆಗಳು.

ರೋಗದಿಂದಲೇ ಶುರುಮಾಡಬೇಕು. ಭಾರತದ ದೀರ್ಘಕಾಲದ ಮೂತ್ರಪಿಂಡ ರೋಗಿಗಳ ನೋಂದಣಿಯಿಂದ 2012ರಲ್ಲಿ ಪ್ರಕಟವಾದ ವರದಿ 50 ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಒಳಗೊಂಡಿತ್ತು. ಅವರಲ್ಲಿ ಸುಮಾರು ಶೇ 31 ಮಂದಿಗೆ ಸಕ್ಕರೆ ಕಾಯಿಲೆಯೇ ಕಾರಣ. ಸುಮಾರು ಶೇ 16 ಮಂದಿಯಲ್ಲಿ ಕಾರಣವೇ ಪತ್ತೆಯಾಗಲಿಲ್ಲ. ಈ ಗುಂಪಿನವರು ಉಳಿದವರಿಗಿಂತ ಕಿರಿಯರು, ಬಡವರು, ಮತ್ತು ರೋಗ ಬಲಿತ ಮೇಲೆ ಆಸ್ಪತ್ರೆಗೆ ಬಂದವರು. ಕಿಡ್ನಿ ಹೀಗೆ ನಿಧಾನವಾಗಿ ಕೆಡುವಾಗ ಸಾಮಾನ್ಯವಾಗಿ ನೋಯುವುದಿಲ್ಲ. ಮುಕ್ಕಾಲು ಪಾಲು ಕೆಲಸ ನಿಂತರೂ ಹೊಲಕ್ಕೆ ಹೋಗಿ ಬರಬಹುದು. ಕಾಲು ಬಾವು, ಬೆಳಿಗ್ಗೆ ಮುಖ ಊದುವುದು, ಊಟ ಸೇರದಿರುವುದು ಇವನ್ನೆಲ್ಲ ಉಷ್ಣ, ಪಿತ್ತ ಎಂದು ಕಳೆಯುತ್ತಾರೆ. ಮೈಕೈ ನೋವಿಗೆ ಅಂಗಡಿಯಿಂದ ತಂದ ಗುಳಿಗೆ ನುಂಗುತ್ತ ಹೋಗುವುದು ಕೂಲಿಕಾರರಲ್ಲಿ ಸಾಮಾನ್ಯ. ಅಂಥ ಗುಳಿಗೆಗಳಲ್ಲಿ ಹಲವು, ದಣಿದ ಕಿಡ್ನಿಯನ್ನು ಇನ್ನಷ್ಟು ಕೆಡಿಸುತ್ತವೆ. ಕೊನೆಗೆ ಒಂದು ರಾತ್ರಿ ಉಸಿರು ಕಟ್ಟಿದಾಗ ಹುಬ್ಬಳ್ಳಿಗೋ ದಾವಣಗೆರೆಗೋ ಓಟ. ಕುತ್ತಿಗೆಯ ರಕ್ತನಾಳಕ್ಕೆ ನಳಿಕೆ, ತುರ್ತು ಡಯಾಲಿಸಿಸ್. ಕಸಿ ಎಂಬ ಮಾತು ಮೊದಲ ಸಲ ಕಿವಿಗೆ ಬೀಳುವುದು ಆ ಗಾಬರಿಯಲ್ಲಿ. ಡಯಾಲಿಸಿಸ್ ಶುರುವಾಗುವ ಮೊದಲೇ ಕಸಿ ಮಾಡಿಸಿಕೊಂಡವರ ಫಲಿತಾಂಶ ಎಲ್ಲರಿಗಿಂತ ಚೆನ್ನಾಗಿರುತ್ತದೆಂದು ವೈದ್ಯಕೀಯ ಅನುಭವ ಹೇಳುತ್ತದೆ. ಆ ಅವಕಾಶ ಇವರಿಗೆ ಆಗಲೇ ದಾಟಿ ಹೋಗಿರುತ್ತದೆ.

2016ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಆರಂಭಿಸಿದ ಮೇಲೆ ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಉಚಿತ ಡಯಾಲಿಸಿಸ್ ಸಿಗತೊಡಗಿತು. ಕರ್ನಾಟಕದಲ್ಲಿ ಅದು ತಾಲ್ಲೂಕು ಮಟ್ಟಕ್ಕೂ ಬಂತು. ದೊಡ್ಡ ಉಪಕಾರವೇ ಸರಿ. ಆದರೆ ವಾರಕ್ಕೆ ಮೂರು ದಿನ, ಪ್ರತಿ ಸಲ ನಾಲ್ಕು ತಾಸು ಎಂಬುದು ಬೇಸಾಯದ ಬದುಕಿಗೆ ಒಗ್ಗುವ ಲೆಕ್ಕವಲ್ಲ. ಬ್ಯಾಡಗಿಯ ಮೆಣಸಿನಕಾಯಿ ಪೇಟೆ ಸೋಮವಾರ, ಗುರುವಾರ ತುಂಬುತ್ತದೆ. ಚೀಲ ಹೇರಿಕೊಂಡು ಬಂದ ರೈತ ಸೋಮವಾರ–ಬುಧವಾರ–ಶುಕ್ರವಾರದ ಪಾಳಿಯ ರೋಗಿಯಾಗಿದ್ದರೆ ಧಾರಣೆ ನೋಡಬೇಕೋ ಮಷಿನ್ನಿಗೆ ಹೋಗಬೇಕೋ? ಇಂಥ ಕಡೆ ಮೂರು ಸಲ ಎರಡಾಗುತ್ತದೆ, ಸುಗ್ಗಿಯಲ್ಲಿ ಒಂದೂ ಆಗುತ್ತದೆ.

ಕಸಿಯ ಇತಿಹಾಸ ಬಹಳ ಹಳೆಯದಲ್ಲ. 1954ರ ಡಿಸೆಂಬರ್ 23ರಂದು ಬಾಸ್ಟನ್ನಿನಲ್ಲಿ ಜೋಸೆಫ್ ಮರ್ರೆ ಅವರ ತಂಡ ರೊನಾಲ್ಡ್ ಹೆರಿಕ್ ಅವರ ಕಿಡ್ನಿಯನ್ನು ಅವಳಿ ಸಹೋದರ ರಿಚರ್ಡ್‌ಗೆ ಕೂಡಿಸಿತು. ರಿಚರ್ಡ್ ಎಂಟು ವರ್ಷ ಬದುಕಿದರು. ಮರ್ರೆಗೆ 1990ರಲ್ಲಿ ನೊಬೆಲ್ ಬಂತು. ಭಾರತದಲ್ಲಿ ಸಜೀವ ದಾನಿಯ ಯಶಸ್ವಿ ಕಸಿ 1971ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ನಡೆಯಿತು. 1980ರ ದಶಕದಲ್ಲಿ, ಹೊಸ ಅಂಗವನ್ನು ಮೈ ತಿರಸ್ಕರಿಸದಂತೆ ತಡೆಯುವ ಸೈಕ್ಲೋಸ್ಪೋರಿನ್ ಔಷಧ ಬಳಕೆಗೆ ಬಂದು, ಅವಳಿಗಳಲ್ಲದವರ ಅಂಗವೂ ದೇಹದಲ್ಲಿ ನಿಲ್ಲುವುದು ಸುಲಭವಾಯಿತು. 1995ರಲ್ಲಿ ಬಾಲ್ಟಿಮೋರಿನಲ್ಲಿ ದಾನಿಯ ಕಿಡ್ನಿಯನ್ನು ಸಣ್ಣ ರಂಧ್ರಗಳ ಮೂಲಕ ತೆಗೆಯುವ ವಿಧಾನ ಬಂದ ನಂತರ ದಾನಿ ಕೆಲವೇ ದಿನಗಳಲ್ಲಿ ಮನೆಗೆ ನಡೆದು ಹೋಗುವಂತಾಯಿತು.

ಅಮೆರಿಕದ ಕಥೆ ಇಲ್ಲಿ ಪ್ರಸ್ತುತ, ಏಕೆಂದರೆ ಅಲ್ಲಿ ಹಣದ ನೆಪವನ್ನು ಅರ್ಧ ಕಿತ್ತುಹಾಕಿಯೂ ಅಸಮಾನತೆ ಉಳಿಯಿತು. 1972ರ ಕಾನೂನಿನಿಂದ ಕಿಡ್ನಿ ಸಂಪೂರ್ಣ ಕೆಟ್ಟವರ ಚಿಕಿತ್ಸೆಗೆ ಸರ್ಕಾರಿ ವಿಮೆಯ ರಕ್ಷಣೆ ಬಂತು. ಆದರೂ 1995ರಿಂದ 2014ರವರೆಗಿನ ದಾಖಲೆಗಳನ್ನು ತೂಗಿದ, 2018ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂಕಿಗಳು ಕಣ್ಣಿಗೆ ಹೊಡೆಯುವಂತಿವೆ. ಕಾಯುವ ಪಟ್ಟಿಗೆ ಸೇರಿದ ಎರಡು ವರ್ಷದೊಳಗೆ ಸಜೀವ ದಾನಿಯ ಕಿಡ್ನಿ ಪಡೆದ ಬಿಳಿಯರ ಪ್ರಮಾಣ ಶೇ 7ರಿಂದ ಶೇ 11.4ಕ್ಕೆ ಏರಿತು. ಕಪ್ಪುಜನರಲ್ಲಿ ಅದು ಶೇ 3.4ರಿಂದ ಶೇ 2.9ಕ್ಕೆ ಇಳಿಯಿತು. ಏಷ್ಯಾ ಮೂಲದವರಲ್ಲಿ ಶೇ 5.1 ಇದ್ದದ್ದು ಶೇ 5.6 ಆಯಿತು, ಅಮೆರಿಕಕ್ಕೆ ಹೋಗಿ ನೆಲೆಸಿದ ಕನ್ನಡ ಕುಟುಂಬಗಳ ಲೆಕ್ಕವೂ ಇದರೊಳಗೇ ಸೇರುತ್ತದೆ. ಹೊಸ ತಂತ್ರ, ಹೊಸ ಔಷಧ ಬಂದಂತೆ ಅಂತರ ಕುಗ್ಗಬೇಕಿತ್ತು. ಹಿಗ್ಗಿತು.

ಕಾರಣಗಳ ಗಂಟು ಬಿಚ್ಚಿದರೆ ಎಳೆಗಳು ಹಲವು. 1932ರಿಂದ 1972ರವರೆಗೆ ಟಸ್ಕೆಗೀಯಲ್ಲಿ ಕಪ್ಪು ಗಂಡಸರಿಗೆ ಸಿಫಿಲಿಸ್ ಚಿಕಿತ್ಸೆ ಕೊಡದೆ ಸುಮ್ಮನೆ ಗಮನಿಸುತ್ತ ಕೂತ ಸರ್ಕಾರಿ ಅಧ್ಯಯನ ಆಸ್ಪತ್ರೆಗಳ ಮೇಲಿನ ನಂಬಿಕೆಯನ್ನೇ ಕೆಡಿಸಿತ್ತು. ದಾನಿಯಾಗಬಲ್ಲ ಬಂಧುಗಳಲ್ಲೇ ರಕ್ತದೊತ್ತಡ, ಸಕ್ಕರೆ ಕಾಯಿಲೆ ಹೆಚ್ಚಿದ್ದವು. ಕಿಡ್ನಿಯ ಸಾಮರ್ಥ್ಯ ಅಳೆಯುವ ಸೂತ್ರದಲ್ಲೇ ಕಪ್ಪುಜನರಿಗೆ ಬೇರೆ ಗುಣಕವಿತ್ತು. ಅದರಿಂದ ಅವರ ಕಿಡ್ನಿ ಇರುವುದಕ್ಕಿಂತ ಚೆನ್ನಾಗಿ ಕಾಣಿಸಿ, ಪಟ್ಟಿಗೆ ಸೇರುವುದು ತಡವಾಗುತ್ತಿತ್ತು. ಆ ಗುಣಕವನ್ನು 2021ರಲ್ಲಿ ಅಲ್ಲಿನ ತಜ್ಞ ಸಂಸ್ಥೆಗಳು ಕೈಬಿಟ್ಟವು. ಒಂದು ಗಣಿತ ಸೂತ್ರದಲ್ಲಿ ಜನಾಂಗ ಅಷ್ಟು ವರ್ಷ ಅಡಗಿ ಕುಳಿತಿತ್ತೆಂಬುದು ಬೆರಗಿನ ಸಂಗತಿ.

ತಿಳಿವಳಿಕೆಯ ಎಳೆ ಇವೆಲ್ಲಕ್ಕಿಂತ ಕುತೂಹಲಕರ. ಅಮೆರಿಕದಲ್ಲಿ ಜೇಮ್ಸ್ ರೊಡ್ರಿಗ್ ಮತ್ತು ಸಂಗಡಿಗರು ಒಂದು ಸರಳ ಪ್ರಯೋಗ ಮಾಡಿ 2007ರಲ್ಲಿ ಪ್ರಕಟಿಸಿದರು. ಅರ್ಧ ರೋಗಿಗಳಿಗೆ ಆಸ್ಪತ್ರೆಯಲ್ಲೇ ಎಂದಿನಂತೆ ವಿವರಣೆ. ಇನ್ನರ್ಧಕ್ಕೆ ಅದರ ಜೊತೆಗೆ ಆರೋಗ್ಯ ಶಿಕ್ಷಕರು ಮನೆಗೇ ಹೋಗಿ, ಅಣ್ಣ ತಂಗಿ ಗೆಳೆಯರನ್ನೆಲ್ಲ ಕೂರಿಸಿಕೊಂಡು ಮಾತಾಡಿದರು. ಆಸ್ಪತ್ರೆಯ ಗುಂಪಿನಲ್ಲಿ ಶೇ 30ರಷ್ಟು ಮಂದಿಗೆ ಸಜೀವ ದಾನಿಯ ಕಸಿ ಆಯಿತು, ಮನೆಭೇಟಿಯ ಗುಂಪಿನಲ್ಲಿ ಶೇ 52. ಕಪ್ಪು ರೋಗಿಗಳಲ್ಲೂ ಇದು ಫಲ ಕೊಟ್ಟಿತು. ಷಿಕಾಗೊದ ನಾರ್ತ್‌ವೆಸ್ಟರ್ನ್ ಆಸ್ಪತ್ರೆ 2006ರಲ್ಲಿ ಲ್ಯಾಟಿನ್ ಅಮೆರಿಕ ಮೂಲದವರಿಗಾಗಿಯೇ ಸ್ಪ್ಯಾನಿಷ್ ಮಾತಾಡುವ ವೈದ್ಯರು, ದಾದಿಯರ ಕಸಿ ವಿಭಾಗವನ್ನು ತೆರೆಯಿತು. ಆ ಸಮುದಾಯದಲ್ಲಿ ಸಜೀವ ದಾನ ಗಣನೀಯವಾಗಿ ಹೆಚ್ಚಿತು. ರೋಗಿಗೆ ಹೇಳಿದರೆ ಸಾಲದು, ‘ನನಗೊಂದು ಕಿಡ್ನಿ ಕೊಡು’ ಎಂದು ಬಾಯಿಬಿಟ್ಟು ಕೇಳುವ ಕಷ್ಟವನ್ನು ರೋಗಿಯ ತಲೆಯಿಂದ ಇಳಿಸಬೇಕು ಎಂಬುದು ಈ ಪ್ರಯೋಗಗಳ ಒಟ್ಟು ಪಾಠ.

ಈಗ ಮರಳಿ ಊರಿಗೆ. ಭಾರತದ ಕಸಿಗಳಲ್ಲಿ ಐದರಲ್ಲಿ ನಾಲ್ಕಕ್ಕಿಂತ ಹೆಚ್ಚು ಸಜೀವ ದಾನಿಗಳಿಂದಲೇ ನಡೆಯುತ್ತವೆ. 2023ರಲ್ಲಿ ದೇಶದಲ್ಲಿ 13,426 ಕಿಡ್ನಿ ಕಸಿಗಳಾದವು. ಅದೇ ವರ್ಷ ಕಿಡ್ನಿ, ಯಕೃತ್ತು ಎಲ್ಲ ಸೇರಿ ಅಂಗ ಕೊಟ್ಟ ಸಜೀವ ದಾನಿಗಳಲ್ಲಿ 9,784 ಹೆಂಗಸರು, 5,651 ಗಂಡಸರು. ಪಡೆದವರ ಲೆಕ್ಕ ತಲೆಕೆಳಗು: 1995ರಿಂದ 2021ರವರೆಗೆ ದಾಖಲಾದ 36,640 ಕಸಿಗಳಲ್ಲಿ ಹೆಂಗಸರಿಗೆ ಸಿಕ್ಕದ್ದು 6,945. ಅಮೆರಿಕದ ಕಪ್ಪು ರೋಗಿಗೆ ಕೊಡುವವರು ಸಿಗುವುದಿಲ್ಲ. ಇಲ್ಲಿನ ಹೆಣ್ಣು ರೋಗಿಗೂ ಸಿಗುವುದಿಲ್ಲ. ಆದರೆ ಇಲ್ಲಿ ಆಕೆ ಕೊಡುವವರ ಸಾಲಿನಲ್ಲಿ ಮೊದಲಿಗಳಾಗಿ ನಿಂತಿರುತ್ತಾಳೆ. ಇದು ಅಮೆರಿಕದ ಜನಾಂಗದ ಕಥೆಯಲ್ಲಿಲ್ಲದ ತಿರುವು.

ಏಕೆ ಹೀಗೆ ಎಂದರೆ ‘ದುಡಿಯೋ ಗಂಡಸು’ ಎಂಬ ಉತ್ತರ ಸಿದ್ಧವಿರುತ್ತದೆ. ಹಾವೇರಿ ಸೀಮೆಯಲ್ಲಿ ನಿಂತು ನೋಡಿದರೆ ಆ ಉತ್ತರ ಅಲುಗಾಡುತ್ತದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೈಗಳು ಹೆಂಗಸರವು. ರಾಣೇಬೆನ್ನೂರು ಸುತ್ತಿನ ಹೈಬ್ರಿಡ್ ಬೀಜದ ಹೊಲಗಳಲ್ಲಿ ಹೂವಿನಿಂದ ಹೂವಿಗೆ ಪರಾಗ ಮುಟ್ಟಿಸುವ, ‘ಕ್ರಾಸಿಂಗ್’ ಎಂದು ಕರೆಯುವ ಸೂಕ್ಷ್ಮ ಕೆಲಸಕ್ಕೆ ಹೆಂಗಸರೇ ಬೇಕು. ಅವರ ಕೂಲಿ ನಿಂತರೆ ಒಲೆ ಆರುವ ಮನೆಗಳು ಎಷ್ಟೋ ಇವೆ. ಆದರೂ ತಾಯಿ ಕೊಡುತ್ತಾಳೆ, ಹೆಂಡತಿ ಕೊಡುತ್ತಾಳೆ. ಹೆಂಡತಿಗೇ ಕಿಡ್ನಿ ಹೋದರೆ ಗಂಡನ ಮನೆಯವರ ಕಣ್ಣು ಆಕೆಯ ತವರಿನತ್ತ ಹೊರಳುತ್ತದೆ. ಮದುವೆಯಾಗದ ಹುಡುಗಿ ಕೊಡುವುದಾದರೆ ‘ನಾಳೆ ಆಕೀನ್ನ ಯಾರ್ ಮಾಡ್ಕೋತಾರ’ ಎಂಬ ಪ್ರಶ್ನೆ. ಮದುವೆಯಾಗದ ಹುಡುಗನ ಬಗ್ಗೆಯೂ ಅಂಥದೇ ಅಂಜಿಕೆ, ಕೊಂಚ ಕಡಿಮೆ. ಕೇಂದ್ರ ಸರ್ಕಾರಿ ನೌಕರರು ಅಂಗದಾನ ಮಾಡಿದರೆ 42 ದಿನಗಳವರೆಗೆ ವಿಶೇಷ ರಜೆ ಎಂದು 2023ರಲ್ಲಿ ಆದೇಶವಾಯಿತು. ತೊಟ್ಟು ಬಿಡಿಸುವವಳ ರಜೆಗೆ ಆದೇಶ ಹೊರಡಿಸುವ ಕಚೇರಿಯೇ ಇಲ್ಲ. ದಾನಿ ಸುಮಾರು ಆರು ವಾರ ಭಾರ ಎತ್ತಬಾರದು ಎಂದು ವೈದ್ಯರು ಹೇಳುವಾಗ ಆಕೆ ಎಣಿಸುವುದು ಆರು ವಾರದ ಕೂಲಿಯನ್ನು.

ಹಾಗಾಗಿ ಅಮೆರಿಕದ ಮನೆಭೇಟಿಯ ಪಾಠವನ್ನು ಇದ್ದ ಹಾಗೇ ತಂದು ಹಾವೇರಿಯ ಪಡಸಾಲೆಯಲ್ಲಿ ಹಾಸಿದರೆ ಅಪಾಯವುಂಟು. ಅತ್ತೆ, ಮಾವ, ಭಾವ ಎಲ್ಲರೂ ಕುಳಿತ ಕಡೆ ಶಿಕ್ಷಕರು ‘ಯಾರಾದರೂ ಕೊಡಬಹುದು’ ಎಂದರೆ ಎಲ್ಲರ ನೋಟ ಅಡುಗೆಮನೆಯ ಬಾಗಿಲಲ್ಲಿ ನಿಂತವಳ ಕಡೆ ತಿರುಗುತ್ತದೆ. ತಿಳಿವಳಿಕೆ ಅಲ್ಲಿ ಒತ್ತಾಯವಾಗಿ ಮಾರ್ಪಡಲು ಒಂದು ನಿಮಿಷ ಸಾಕು. ಮನೆಯವರಿಗೆಲ್ಲ ಒಟ್ಟಾಗಿ ಒಂದು ಮಾತು, ದಾನಿಗೆ ಒಬ್ಬಳೇ ಇರುವಾಗ ಇನ್ನೊಂದು ಮಾತು, ಎರಡೂ ಬೇಕು.

ಕಾನೂನು ಈ ಒತ್ತಾಯವನ್ನು ಊಹಿಸಿದೆ ಎನ್ನುವುದು ಬಹಳ ಜನರಿಗೆ ಗೊತ್ತಿಲ್ಲ. 1990ರ ದಶಕದವರೆಗೆ ಬೆಂಗಳೂರು ಸೇರಿ ಹಲವು ನಗರಗಳಲ್ಲಿ ಬಡವರ ಕಿಡ್ನಿ ಕೊಳ್ಳುವ ದಂಧೆ ನಡೆದಿತ್ತು. ಅದಕ್ಕೆ ಕಡಿವಾಣವಾಗಿ ಬಂದದ್ದು 1994ರ ಮಾನವ ಅಂಗಾಂಗ ಕಸಿ ಕಾಯ್ದೆ. ತಂದೆ, ತಾಯಿ, ಮಗ, ಮಗಳು, ಅಣ್ಣತಮ್ಮ, ಅಕ್ಕತಂಗಿ, ಗಂಡ ಅಥವಾ ಹೆಂಡತಿ ಇವರನ್ನು ಅದು ಹತ್ತಿರದ ಬಂಧುಗಳೆಂದು ಹೆಸರಿಸಿತು. 2011ರ ತಿದ್ದುಪಡಿ ಅಜ್ಜ, ಅಜ್ಜಿ, ಮೊಮ್ಮಕ್ಕಳನ್ನು ಸೇರಿಸಿತು. ಅತ್ತಿಗೆ, ಸೋದರಮಾವ, ಗೆಳೆಯ ಕೊಡುವುದಾದರೆ ಪ್ರೀತಿ–ಬಾಂಧವ್ಯದ ಕಾರಣವನ್ನು ಅನುಮತಿ ಸಮಿತಿಯ ಮುಂದೆ ತೋರಿಸಬೇಕು. ಉತ್ತರ ಕರ್ನಾಟಕದಲ್ಲಿ ಸೋದರಮಾವ ಎಷ್ಟು ಹತ್ತಿರದವನೆಂದು ಕಾಯ್ದೆ ಬರೆದವರಿಗೆ ತಿಳಿದಿರಲಿಲ್ಲ ಬಿಡಿ. ಅಂಗ ಮಾರಾಟಕ್ಕೆ 5ರಿಂದ 10 ವರ್ಷ ಜೈಲು, 20 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ದಂಡ. 2014ರ ನಿಯಮಗಳಲ್ಲಿ ಇನ್ನೊಂದು ಮಾತಿದೆ: ದಾನಿ ಹೆಣ್ಣಾಗಿದ್ದರೆ ಹೆಚ್ಚಿನ ಎಚ್ಚರ ವಹಿಸಬೇಕು, ಆಕೆಯ ಗುರುತು ಮತ್ತು ಸ್ವತಂತ್ರ ಒಪ್ಪಿಗೆಯನ್ನು ಅಂಗ ಪಡೆಯುವವರನ್ನು ಬಿಟ್ಟು ಬೇರೊಬ್ಬರು ದೃಢಪಡಿಸಬೇಕು. ಯಾವ ಹಂತದಲ್ಲಾದರೂ ‘ನಾ ಒಲ್ಲೆ’ ಎನ್ನುವ ಹಕ್ಕು ದಾನಿಗಿದೆ. ಕಸಿ ಸಂಯೋಜಕರು ಬಿಡಿಸಿ ಹೇಳಬೇಕಾದ ಮೊದಲ ಮಾತು ಇದೇ.

ಉಳಿದ ಮಾತುಗಳು ಅಂಗರಚನೆಯವು, ಮತ್ತು ಅಚ್ಚರಿ ಹುಟ್ಟಿಸುವವು. ಹಳೆಯ ಕಿಡ್ನಿಗಳನ್ನು ಸಾಮಾನ್ಯವಾಗಿ ತೆಗೆಯುವುದಿಲ್ಲ. ಹೊಸದನ್ನು ಕಿಬ್ಬೊಟ್ಟೆಯ ಪಕ್ಕದಲ್ಲಿ ಕೂಡಿಸುತ್ತಾರೆ, ರೋಗಿಯ ಮೈಯಲ್ಲಿ ಮೂರು ಕಿಡ್ನಿಗಳಿರುತ್ತವೆ. ದಾನಿಯಲ್ಲಿ ಉಳಿದ ಒಂದು ಕಿಡ್ನಿ ಕೊಂಚ ಹಿಗ್ಗಿ, ಮೊದಲು ಎರಡೂ ಸೇರಿ ಮಾಡುತ್ತಿದ್ದ ಕೆಲಸದ ಸುಮಾರು ಶೇ 70ರಷ್ಟನ್ನು ಮಾಡುತ್ತದೆ. ‘ಕಿಡ್ನಿ ಕೊಟ್ರ ಹೊಲದಾಗ ದುಡಿಯಾಕ ಆಗಂಗಿಲ್ಲ’ ಎಂಬ ಮಾತು ಸುಳ್ಳು. ಆದರೆ ‘ಏನೂ ಆಗಂಗಿಲ್ಲ’ ಎನ್ನುವುದೂ ಪೂರ್ತಿ ನಿಜವಲ್ಲ. ಅಮೆರಿಕದ 80 ಸಾವಿರ ದಾನಿಗಳ ದಾಖಲೆಯಲ್ಲಿ ಶಸ್ತ್ರಚಿಕಿತ್ಸೆಯ 90 ದಿನದೊಳಗೆ ತೀರಿಕೊಂಡವರು 10 ಸಾವಿರಕ್ಕೆ ಸುಮಾರು ಮೂವರು. 2014ರ ಇನ್ನೊಂದು ಅಧ್ಯಯನದಂತೆ ದಾನದ ನಂತರ 15 ವರ್ಷಗಳಲ್ಲಿ ಸ್ವತಃ ಕಿಡ್ನಿ ವೈಫಲ್ಯ ಕಂಡವರು 10 ಸಾವಿರಕ್ಕೆ ಸುಮಾರು 31. ಅಷ್ಟೇ ಆರೋಗ್ಯವಂತರಾಗಿದ್ದು ದಾನ ಮಾಡದವರಲ್ಲಿ ಸುಮಾರು 4. ಕಪ್ಪು ದಾನಿಗಳಲ್ಲಿ ಅದು 75ರ ಹತ್ತಿರ, ಬಿಳಿಯರಲ್ಲಿ 23. ದಾನ ಮಾಡಿದ ಹೆಣ್ಣು ಮಕ್ಕಳನ್ನು ಹೆರಬಹುದು. ಗರ್ಭಾವಸ್ಥೆಯಲ್ಲಿ ರಕ್ತದೊತ್ತಡ ಏರುವ ಸಾಧ್ಯತೆ ದಾನಿಗಳಲ್ಲಿ ಶೇ 11, ಉಳಿದವರಲ್ಲಿ ಶೇ 5 ಎಂದು ಕೆನಡಾದ ಅಧ್ಯಯನ ಕಂಡಿತು. ಅಪಾಯ ಸಣ್ಣದು, ಆದರೆ ಇದೆ. ಸೊಸೆಗೆ ಈ ಅಂಕಿಯನ್ನು ಯಾರಾದರೂ ಹೇಳಿದ್ದಾರೆಯೇ ಎಂದು ಕೇಳಬೇಕು.

ಹೇಳುವ ಭಾಷೆಯೂ ಒಂದು ಬೇಲಿ. 2011ರ ಜನಗಣತಿಯಲ್ಲಿ ಸುಮಾರು 16 ಲಕ್ಷ ಜನರಿದ್ದ ಹಾವೇರಿ ಜಿಲ್ಲೆಯ ಸಾಕ್ಷರತೆ ಶೇ 77.4. ‘ಪ್ರತ್ಯಾರೋಪಣ’, ‘ಅಂಗ ತಿರಸ್ಕಾರ’, ‘ರೋಗನಿರೋಧ ಶಮನಕಾರಿ’ ಎಂಬ ಕನ್ನಡ, ಓದು ಬಲ್ಲವರನ್ನೂ ಬೆದರಿಸುತ್ತದೆ. ‘ಮೈ ಹೊಸಾ ಕಿಡ್ನೀನ ಒಪ್ಪವಲ್ತು’ ಎಂದರೆ ಗುತ್ತಲದ ಅಜ್ಜಿಗೂ ತಿಳಿಯುತ್ತದೆ. ಲಂಬಾಣಿ ತಾಂಡಾಗಳ, ಸವಣೂರು ಕಡೆಯ ಉರ್ದು ಮನೆಗಳ ಹಿರಿಯರಿಗೆ ಒಪ್ಪಿಗೆ ಪತ್ರದ ಕನ್ನಡವೂ ಎರಡನೆಯ ಭಾಷೆ. ‘ದಾನ’ ಎಂಬ ಪದವೇ ತೊಡಕಿನದು. ದಾನ ಕೊಟ್ಟದ್ದನ್ನು ಹಿಂದಕ್ಕೆ ಕೇಳಬಾರದು, ಕೊಡುತ್ತೇನೆಂದು ನುಡಿದು ಹಿಂಜರಿದರೆ ಪಾಪ ಎಂಬ ಭಾರ ಅದರ ಬೆನ್ನಿಗಿದೆ. ಪಡೆದವನಿಗೆ ಋಣದ ಭಾರ. ಮನಸ್ಸು ಬದಲಿಸುವ ಹಕ್ಕನ್ನು ಈ ಪದದೊಳಗೆ ತುಂಬುವುದು ಕಷ್ಟ. ‘ಕೊಡೋದು’ ಎಂಬ ಸಾದಾ ಮಾತೇ ಮೇಲು.

ಇನ್ನು ದಾರಿ. ಹಾವೇರಿ 1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ಜಿಲ್ಲೆಯಾಯಿತು. ವೈದ್ಯಕೀಯ ಕಾಲೇಜು ಬಂದದ್ದು ತೀರ ಈಚೆಗೆ. ಕಸಿಗೆ ಹೋಗಬೇಕಾದದ್ದು ಹುಬ್ಬಳ್ಳಿ–ಧಾರವಾಡ, ಬೆಳಗಾವಿಯ ಕೆಎಲ್‌ಇ, ಮಣಿಪಾಲದ ಕಸ್ತೂರಬಾ ಅಥವಾ ಬೆಂಗಳೂರು. ಬಡವರು ಹೆಚ್ಚು ನಂಬುವುದು ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದ ಸರ್ಕಾರಿ ನೆಫ್ರೊ ಯುರಾಲಜಿ ಸಂಸ್ಥೆಯನ್ನು. ಹಾವೇರಿಯಿಂದ ಅಲ್ಲಿಗೆ ಸುಮಾರು 335 ಕಿಲೊಮೀಟರ್. ರಕ್ತದ ಗುಂಪು, ಅಂಗಾಂಶದ ಹೊಂದಾಣಿಕೆ, ಸ್ಕ್ಯಾನ್, ಮನೋವೈದ್ಯರ ಭೇಟಿ, ಸಮಿತಿಯ ಸಂದರ್ಶನ ಎಂದು ದಾನಿ, ರೋಗಿ ಇಬ್ಬರೂ ಹಲವು ಸಲ ರೈಲು ಹತ್ತಬೇಕು. ಬಿಪಿಎಲ್ ಕುಟುಂಬಗಳಿಗೆ ರಾಜ್ಯದ ಅಂಗಾಂಗ ಕಸಿ ಯೋಜನೆಯ ನೆರವಿದೆ. ಛತ್ರದ ಬಾಡಿಗೆ, ನಿಂತ ಕೂಲಿ, ದನ ನೋಡಿಕೊಳ್ಳುವವರ ಸಂಬಳ ಅದರಲ್ಲಿ ಸೇರುವುದಿಲ್ಲ.

ಮನೆಯವರ ರಕ್ತದ ಗುಂಪು ಹೊಂದದಿದ್ದರೂ ದಾರಿಯಿದೆ ಎಂಬುದನ್ನು ಹೇಳುವವರು ಕಡಿಮೆ. 2011ರ ತಿದ್ದುಪಡಿ ಅದಲುಬದಲಿಗೆ ಒಪ್ಪಿದೆ: ಬ್ಯಾಡಗಿಯ ಹೆಂಡತಿಯ ಕಿಡ್ನಿ ರಾಣೇಬೆನ್ನೂರಿನ ರೋಗಿಗೆ, ಅಲ್ಲಿನ ತಾಯಿಯದು ಬ್ಯಾಡಗಿಯ ಗಂಡನಿಗೆ. ಇನ್ನೊಂದು ದಾರಿ ಮಿದುಳು ನಿಷ್ಕ್ರಿಯರಾದವರ ಅಂಗ. ರಾಜ್ಯದಲ್ಲಿ ಇದನ್ನು ನೋಡಿಕೊಳ್ಳುವ ‘ಜೀವಸಾರ್ಥಕತೆ’ಯ ಮೂಲಕ 2023ರಲ್ಲಿ 178 ಮಂದಿಯ ಕುಟುಂಬಗಳು ಅಂಗ ಕೊಟ್ಟವು. 2021ರ ಜೂನ್‌ನಲ್ಲಿ ಬೈಕ್ ಅಪಘಾತದಲ್ಲಿ ಮಿದುಳು ನಿಷ್ಕ್ರಿಯಗೊಂಡ ನಟ ಸಂಚಾರಿ ವಿಜಯ್ ಅವರ ಕುಟುಂಬ ಅಂಗಗಳನ್ನು ಕೊಟ್ಟಾಗ ಮನೆಮನೆಯಲ್ಲಿ ಆದ ಚರ್ಚೆ ಯಾವ ಭಿತ್ತಿಪತ್ರದಿಂದಲೂ ಆಗಿರಲಿಲ್ಲ. ಸಜೀವ ದಾನವೂ ಹೀಗೆ ಸುದ್ದಿಯಾಗಿತ್ತು: 1999ರಲ್ಲಿ ಬಳ್ಳಾರಿಯಿಂದ ಲೋಕಸಭೆಗೆ ಸ್ಪರ್ಧಿಸಿ ಕನ್ನಡ ಕಲಿತಿದ್ದ ರಾಜಕಾರಣಿ ಸುಷ್ಮಾ ಸ್ವರಾಜ್ ಅವರಿಗೆ 2016ರ ಡಿಸೆಂಬರ್‌ನಲ್ಲಿ ಬಂಧುವಲ್ಲದ ಸಜೀವ ದಾನಿಯ ಕಿಡ್ನಿ ಕೂಡಿಸಲಾಯಿತು. ತಮ್ಮ ರೋಗವನ್ನು ಅವರು ಬಹಿರಂಗವಾಗಿ ಹೇಳಿಕೊಂಡಾಗ ಬೇರೆ ಬೇರೆ ಜಾತಿ ಧರ್ಮದವರು ಕಿಡ್ನಿ ಕೊಡಲು ಮುಂದೆ ಬಂದಿದ್ದರು. 2025ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಅಂಗಾಂಗ ಕಸಿ ಸಂಸ್ಥೆ ಕಾಯುವ ಪಟ್ಟಿಯಲ್ಲಿ ಹೆಂಗಸರಿಗೆ ಆದ್ಯತೆ ಕೊಡುವಂತೆ ರಾಜ್ಯಗಳಿಗೆ ಸೂಚಿಸಿತು. ಆ ಸೂಚನೆ ಸತ್ತವರ ಅಂಗಕ್ಕೆ ಅನ್ವಯ. ಪಡಸಾಲೆಯಲ್ಲಿ ಆಗುವ ತೀರ್ಮಾನವನ್ನು ಅದು ಮುಟ್ಟುವುದಿಲ್ಲ.

ಕಸಿಯಾದ ಮೇಲೆ ಪಡೆದವರು, ಮೈ ಹೊಸ ಕಿಡ್ನಿಯನ್ನು ತಿರಸ್ಕರಿಸದಂತೆ ತಡೆಯುವ ಟ್ಯಾಕ್ರೊಲಿಮಸ್, ಮೈಕೊಫಿನೊಲೇಟ್, ಪ್ರೆಡ್ನಿಸೊಲೋನ್ ಗುಳಿಗೆಗಳನ್ನು ಹೊತ್ತು ತಪ್ಪದೆ ನುಂಗಬೇಕು. ‘ಈಗ ಆರಾಮ ಅದೇನಿ’ ಎಂದು ಬಿಟ್ಟರೆ ಕಿಡ್ನಿ ಕೈಕೊಡುತ್ತದೆ. ಸಜೀವ ದಾನಿಯ ಕಿಡ್ನಿ ಚೆನ್ನಾಗಿ ನೋಡಿಕೊಂಡರೆ 15ರಿಂದ 20 ವರ್ಷ ಬಾಳುವುದುಂಟು. ರೋಗಿಯನ್ನು ತಿಂಗಳು ತಿಂಗಳು ಹುಬ್ಬಳ್ಳಿಗೋ ಬೆಂಗಳೂರಿಗೋ ತಪಾಸಣೆಗೆ ಕರೆದೊಯ್ಯುವ ಮನೆಯವರು, ಕೊಟ್ಟವಳನ್ನು ಒಂದೆರಡು ವರ್ಷದಲ್ಲಿ ಮರೆಯುತ್ತಾರೆ. ಆಕೆಗೆ ವರ್ಷಕ್ಕೊಮ್ಮೆ ಬೇಕಾದದ್ದು ರಕ್ತದೊತ್ತಡದ ಅಳತೆ, ರಕ್ತದಲ್ಲಿ ಕ್ರಿಯಾಟಿನಿನ್, ಮೂತ್ರದಲ್ಲಿ ಪ್ರೋಟೀನ್, ಈ ಮೂರು ಪರೀಕ್ಷೆ. ಇವಕ್ಕೆ ಬೆಂಗಳೂರಿನ ರೈಲು ಹತ್ತಬೇಕಿಲ್ಲ. ಬ್ಯಾಡಗಿ, ರಾಣೇಬೆನ್ನೂರಿನ ತಾಲ್ಲೂಕು ಆಸ್ಪತ್ರೆಯ ಪ್ರಯೋಗಾಲಯದಲ್ಲೇ ಆಗುವಂಥವು.